ಬೊಗಳಿಸಿಕೊಳ್ಳುವ ಕೆಲಸ

ನಾಯಿಗಳಿಂದ ಬೊಗಳಿಸಿಕೊಳ್ಳುವುದೂ ಒಂದು ನೌಕರಿ ಎಂದರೆ ನೀವು ನಂಬುವುದಿಲ್ಲ. ನನ್ನ ಸೊಸೆಯೂ ನಂಬಲಿಲ್ಲ. "ಮನೇಲಿ ಎಲ್ಲರಿಗೂ ನೀವು ಬೊಗಳ್ತ್ರಿ, ಅಲ್ಲಿ ನಿಮಗೆ ನಾಯಿ ಬೊಗಳ್ತದೆ. ಸರಿಗೆ ಸರಿಯಾಯ್ತು" ಎಂದಳು. ಮಾತು ಕಡಿಮೆಯ ಹೆಂಗಸು. ಬಾಯಿ ಬಿಟ್ಟರೆ ಹೀಗೆ.

ಚಿತ್ತಾಕುಲದಲ್ಲಿ ನಮ್ಮ ಮನೆಯ ಹಿಂದೆ ಹಳೆಯ ಗೋದಾಮೊಂದರಲ್ಲಿ ಬೀದಿನಾಯಿಗಳನ್ನು ತಂದು ಸಾಕುತ್ತಿದ್ದರು. ತೃಪ್ತಿ ಎಂಬ ಹುಡುಗಿ ಅಲ್ಲಿಗೆ ಬಂದಳು, ನಾಯಿಗಳ ಸ್ವಭಾವವನ್ನು ಓದಿ ಬಂದವಳು. ಮನುಷ್ಯರ ಸ್ವಭಾವ ಕಲಿಸುವ ಶಾಲೆ ನಾನು ಕಂಡಿಲ್ಲ, ನಾಯಿಯದ್ದಕ್ಕೆ ಇದೆಯಂತೆ. ನಾಯಿಗೆ ನಡತೆ ಕಲಿಸಿ ಒಳ್ಳೆಯ ಮನೆಗೆ ಕೊಡುವುದು ಅವಳ ಕೆಲಸ. ಅದಕ್ಕೆ ನಾಯಿಗಳಿಗೆ ಗುರುತಿಲ್ಲದ ಒಬ್ಬರು ಅವಳಿಗೆ ಬೇಕಾಗಿದ್ದರು. ಅವರು ಬುಟ್ಟಿ ಹೊತ್ತು ನಾಯಿಯ ಮುಂದೆ ಹಾದುಹೋಗಬೇಕು, ಕೊಡೆ ಬಿಚ್ಚಬೇಕು, ಕೆಮ್ಮಬೇಕು, ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಮೊಬೈಲನ್ನು ಸೆರಗಿನೊಳಗೆ ಬಾರಿಸಬೇಕು. ನಾಯಿ ಸುಮ್ಮನಿರಲು ಕಲಿಯಬೇಕು. ಮಂಡಿನೋವಿನಿಂದ ಮೀನು ಮಾರುವುದನ್ನು ಬಿಟ್ಟು ಕೂತಿದ್ದ ನನಗೆ ಖಾಲಿ ಬುಟ್ಟಿ ಹೊರುವ ಕೆಲಸ ಸಿಕ್ಕಿತು.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಕಟ್ಟಿದವನು ತಲೆಯ ಮೇಲೆ ಬಂಗಡೆ ಹೊತ್ತವನಲ್ಲ. ನನ್ನ ಮೀನಖಂಡದಲ್ಲಿ ಹಲ್ಲಿನ ಗುರುತು ಇನ್ನೂ ಇದೆ. ಮನೆಮನೆ ತಿರುಗಿದ ಕಾಲದಲ್ಲಿ ನಾನು ಬಲ್ಲ ನಾಯಿಶಾಸ್ತ್ರ ಒಂದೇ, ಕಲ್ಲು. ತೃಪ್ತಿಯ ಶಾಸ್ತ್ರದಲ್ಲಿ ಕಲ್ಲಿಗೆ ಜಾಗವಿಲ್ಲ. "ಮಾವಶಿ, ಅದ್ರ ಕಣ್ಣಿಗೆ ಕಣ್ಣು ಕೊಡ್ಬೇಡಿ. ಓರೆಯಾಗಿ ನಿಲ್ಲಿ. ಒಂದು ಒಣ ಶೆಟ್ಲಿ ಹಾಕಿ, ಮಾತಾಡದೆ ಬಂದ್ಬಿಡಿ." ಶೆಟ್ಲಿ ಎಂದರೆ ಸಿಗಡಿ. ನಾವು ಚಟ್ನಿಗೆ ಚಿಟಿಕೆಯಲ್ಲಿ ತೆಗೆದು ಹುರಿಯುವ ಸಿಗಡಿಯನ್ನು ನಾಯಿಯ ಮುಂದೆ ಬಿಸಾಡುವುದು.

"ಬೊಗಳಿದ್ದಕ್ಕೆ ಬಹುಮಾನವೇನೆ?" ಎಂದೆ.

"ಬೊಗಳೂಕೆ ಮೊದಲೇ ಹಾಕ್ಬೇಕು, ಮಾವಶಿ. ನೀವು ತಡ ಮಾಡ್ತ್ರಿ."

ತಪ್ಪು ನಾಯಿಯದಲ್ಲ, ನನ್ನದು. ಅಲ್ಲಿ ಯಾವಾಗಲೂ ಹಾಗೆಯೇ.

ಒಂದೊಂದಾಗಿ ನಾಯಿಗಳು ಕಲಿತವು, ನನ್ನನ್ನು ಕಂಡರೆ ಬಾಲ ಅಲ್ಲಾಡಿಸತೊಡಗಿದವು. ಬೇರೆ ಕೆಲಸದಲ್ಲಿ ಹಳಬರಾದಷ್ಟೂ ಬೆಲೆ ಹೆಚ್ಚು. ಈ ದರಿದ್ರ ಕೆಲಸದಲ್ಲಿ ಹಳಬಳಾದರೆ ಯಾರಿಗೂ ಬೇಡ. ಕೊನೆಗೆ ಬೊಗಳಲು ಉಳಿದವನು ಪಾಂಡು ಒಬ್ಬನೇ. ಬಿಳಿ ನಾಯಿ, ಒಂದು ಕಿವಿ ಅರ್ಧ. ಬುಟ್ಟಿ ದೂರದಲ್ಲಿ ಕಂಡರೂ ಶುರು. ಬಾಗಿಲಿಗೆ ಬಂದವರನ್ನೆಲ್ಲ ಓಡಿಸಿದನೆಂದು ಒಂದು ಮನೆಯವರು ಆಗಲೇ ಅವನನ್ನು ಹಿಂದಕ್ಕೆ ತಂದು ಬಿಟ್ಟಿದ್ದರು. ಈಗ ಅಂಕೋಲೆಯಿಂದ ಶಾಲೆಯ ಅಕ್ಕೋರೊಬ್ಬರು, ಕೆಲಸದಿಂದ ನಿವೃತ್ತರಾದವರು, ಯಜಮಾನರನ್ನು ಕರೆದುಕೊಂಡು ಅವನನ್ನು ನೋಡಲು ಬರುವವರಿದ್ದರು. ಈ ಮನೆಯೂ ತಪ್ಪಿದರೆ ಪಾಂಡುವನ್ನು ಮತ್ತೆ ಕೇಳುವವರಿಲ್ಲ ಎಂದಳು ತೃಪ್ತಿ. ಅವನು ಹೋದರೆ ನನ್ನ ನೌಕರಿಯೂ ಹೋದಂತೆ. ಆದರೂ ತೊಲಗಲಿ ಎಂದುಕೊಂಡೆ. ಪ್ರೀತಿಯಿಂದಲ್ಲ. ಅವನ ಗಂಟಲು ಗೋಡೆ ದಾಟಿ ನನ್ನ ಮಧ್ಯಾಹ್ನದ ನಿದ್ದೆಗೂ ಬರುತ್ತಿತ್ತು.

ಅವರು ಬಂದ ದಿನ ಬುಟ್ಟಿಯಲ್ಲಿ ನಿಜವಾದ ಬಂಗಡೆ ಇಟ್ಟು, ಕಣ್ಣು ತಗ್ಗಿಸಿ, ಓರೆಯಾಗಿ ನಡೆದೆ. ಪಾಂಡುವಿನ ಗಂಟಲಲ್ಲಿ ಏನೋ ಉರುಳಿತು. ಈ ಸಲ ತಡಮಾಡದೆ ಶೆಟ್ಲಿ ಉದುರಿಸಿದೆ. ಅವನು ತಿಂದ, ನನ್ನ ಬೆನ್ನು ನೋಡಿದ, ಕೂತ. ತೃಪ್ತಿ ಉಸಿರು ಬಿಟ್ಟಳು.

ಅಕ್ಕೋರ ಮುಖ ಸಪ್ಪಗಾಯಿತು. "ಇದೆಂತ, ಬೊಗಳೂದೇ ಇಲ್ವಲ್ಲ. ಬೊಗಳದಿದ್ದ ನಾಯಿ ಕಟ್ಕೊಂಡು ಎಂತ ಮಾಡೂದು?"

ತೃಪ್ತಿಯ ಬಣ್ಣ ಇಳಿಯಿತು. ಇಷ್ಟು ಶೆಟ್ಲಿ ಸುರಿದ ಮೇಲೆ ಈ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಬುಟ್ಟಿ ಇಳಿಸಿದೆ.

"ಅಕ್ಕೋರೆ, ನಾಯಿ ಬೊಗಳೂ ಮನೆಗೆ ನಾನು ಮೀನು ಒಯ್ದವಳಲ್ಲ. ಸೀದಾ ಮುಂದಿನ ಮನೆಗೆ ಹೋಗ್ತಿದ್ದೆ. ನಿಮ್ಗೆ ಮೀನು ಬೇಕೋ, ಬೊಗಳೂದು ಬೇಕೋ?"

"ಕಳ್ಳ ಬಂದ್ರೆ?"

"ಕಳ್ಳ ಬುಟ್ಟಿ ಹೊತ್ಕೊಂಡು ಕೂಗ್ತಾ ಬರೂದಿಲ್ಲ."

ಯಜಮಾನರು ಬುಟ್ಟಿಯೊಳಗೆ ಇಣುಕಿದರು. "ನಾಯಿ ಇದೇ ಇರ್ಲಿ" ಎಂದರು. "ಬಂಗಡೆನೂ ಸ್ವಲ್ಪ ಕೊಡಿ."

ಪಾಂಡು ಹೋದ. ತಿರುಗಿಯೂ ನೋಡಲಿಲ್ಲ. ನಾಯಿ ನನಗೆ ಹಿಡಿಸಿದ್ದು ಆ ಒಂದು ಗಳಿಗೆ ಮಾತ್ರ.

"ಮಾವಶಿ, ಹೊಸ ನಾಯಿ ಬಂದ್ರೂ ಇನ್ನು ನಿಮ್ಮನ್ನ ಹೊಸಬರು ಅನ್ಕೊಳ್ಳೂದಿಲ್ಲ, ನಿಮ್ಮ ವಾಸನೆ ಗೋದಾಮಿಗೆಲ್ಲ ಹತ್ಕೊಂಡದೆ" ಎಂದಳು ತೃಪ್ತಿ. "ಗುರುತಿಲ್ಲದವರು ಯಾರಾದ್ರೂ ಇದ್ರೆ ಹೇಳಿ."

ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ ಎಂದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತರೂ ಗುರುತಾಗಿಲ್ಲ. ತೃಪ್ತಿ ನಕ್ಕಳು. ನಾನು ನಗೆಗೆ ಹೇಳಿರಲಿಲ್ಲ.

ಆ ದಿನ ಸೊಸೆ ಊಟಕ್ಕೆ ಕೂತಾಗ, ಅವಳ ಕಣ್ಣಿಗೆ ಕಣ್ಣು ಕೊಡದೆ, ಓರೆಯಾಗಿ ನಿಂತು ಬಂಗಡೆಯ ನಡುವಿನ ತುಂಡನ್ನು ಅವಳ ತಟ್ಟೆಗೆ ಹಾಕಿದೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿ ಹಿತ್ತಲಿಗೆ ಹೋದೆ. ಹಿಂದಿನಿಂದ ಯಾವ ಸದ್ದೂ ಬರಲಿಲ್ಲ. ಮೊದಲ ದಿನಕ್ಕೆ ಅಷ್ಟು ಸಾಕು ಎನ್ನುತ್ತದೆ ತೃಪ್ತಿಯ ಶಾಸ್ತ್ರ. ಬೊಗಳದೆ ಇದ್ದದ್ದು ಅವಳೋ ನಾನೋ ಎಂಬುದನ್ನು ಮಾತ್ರ ಆ ಶಾಸ್ತ್ರ ಹೇಳುವುದಿಲ್ಲ.