ರಬ್ಬಿಯವರ ಅಡುಗೆಮನೆಯ ಮುಸುರೆ

ಫೋರ್ಟ್ ಮಿಲ್‌ನ ಈ ಹೊಸ ಮನೆಯಲ್ಲಿ ಒಂದೊಂದು ಶುಕ್ರವಾರ ನನ್ನ ಮೊಮ್ಮಗಳು ಇಂಚರ ಸ್ಕೂಲಿಂದ ಬಂದವಳೇ ನಮ್ಮ ಹಳೇ ಊರಿನ ಯಹೂದಿಗಳು ಶುಕ್ರವಾರಕ್ಕೆ ಮಾಡ್ತಿದ್ದ ಬ್ರೆಡ್ ಬೇಕ್ ಮಾಡೋಕೆ ನಿಲ್ತಾಳೆ. ಹಿಟ್ಟನ್ನ ಮೂರು ಎಳೆ ಮಾಡಿ, ಚಿಕ್ಕಂದಿನಲ್ಲಿ ನಾನು ಅವಳಿಗೆ ಹಾಕ್ತಿದ್ದ ಜಡೆ ಹಾಗೇ ಹೆಣೆದು ಓವನ್ನಿಗೆ ಇಡ್ತಾಳೆ. ಅದರ ಬಿಸಿ ವಾಸನೆ ಮೆಟ್ಟಿಲು ಹತ್ತಿ ನನ್ನ ರೂಮಿಗೆ ಬಂತು ಅಂದ್ರೆ ಮುಗೀತು, ಹೊಸೀತಿದ್ದ ಹೂಬತ್ತಿ ಕೈಯಲ್ಲೇ ನಿಲ್ಲುತ್ತೆ. ನಾನು ಮತ್ತೆ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿರ್ತೀನಿ. ಅಲ್ಲಿ ಇಂಚರಳಿಗೆ ಇನ್ನೂ ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಮಾತಾಡಿದ್ರೆ ಗಾಳಿ ಬರುತ್ತೆ. ನನ್ನ ಮಗಳು ಶೋಭಾ ಆಫೀಸ್ ಬ್ಯಾಗ್ ಸೋಫಾ ಮೇಲೆ ಎಸೆದು "ಅಮ್ಮಾ, ಕಾಫಿ" ಅಂತಾಳೆ. ಆ ಮನೆ ಈಗ ಬೇರೆಯವರದ್ದು. ಆ ದಿನಗಳು ಯಾರದ್ದು ಅಂತ ಹೇಳಲಿ?

ನಮ್ಮ ಮನೆಯಿಂದ ನಡೆದುಹೋಗೋ ದೂರದಲ್ಲಿ ಒಂದು ಕಟ್ಟಡ ಇತ್ತು. ಒಂದೇ ಸೂರಿನ ಕೆಳಗೆ ಎಲ್ಲ ದೇವರೂ ಬಾಡಿಗೆಗಿದ್ದ ಹಾಗೆ. ಶುಕ್ರವಾರ ಮಧ್ಯಾಹ್ನ ಒಂದು ಹಾಲ್‌ನಲ್ಲಿ ಮುಸ್ಲಿಮರ ನಮಾಜು, ಶನಿವಾರ ಯಹೂದಿಗಳ ಪೂಜೆ, ಭಾನುವಾರ ಚರ್ಚು, ತಿಂಗಳಿಗೊಂದು ಸಲ ನಮ್ಮ ಕನ್ನಡದವರ ಭಜನೆ. ಇಷ್ಟು ಜನ ಜಗಳ ಇಲ್ಲದೆ ಇದ್ದದ್ದು ಯಹೂದಿಗಳ ಗುರುಗಳಿಂದ. ಎಲ್ಲರೂ ಅವರನ್ನ ರಬ್ಬಿ ಅಂತಿದ್ರು. ನನ್ನ ಕಿವಿಗೆ ಅದು ರವಿ ಅಂತಲೇ ಬಿದ್ದು, ನಮ್ಮ ಕಡೆಯವರೇ ಇರಬೇಕು, ಬಿಸಿಲು ಕಾಣದೆ ಬೆಳ್ಳಗಾಗಿದಾರೆ ಅಂದುಕೊಂಡು ಆರು ತಿಂಗಳು "ರವಿಯವರೇ, ಚೆನ್ನಾಗಿದೀರಾ?" ಅಂತ ಕನ್ನಡದಲ್ಲೇ ಕೇಳಿದೀನಿ. ಅವರೂ ತಲೆ ಆಡಿಸಿ ನಕ್ಕಿದಾರೆ. ಹಿಮ ಬಿದ್ದ ಶುಕ್ರವಾರ ನಮಾಜಿಗೆ ಬರೋರ ಕಾಲು ಜಾರಬಾರದು ಅಂತ ತಾವೇ ಸಲಿಕೆ ಹಿಡೀತಿದ್ರು. ಕ್ರಿಸ್‌ಮಸ್ ದಿನ ಚರ್ಚಿನವರು ಮನೆಯಲ್ಲಿ ಮಕ್ಕಳ ಜೊತೆ ಇರಲಿ ಅಂತ, ಮನೆ ಇಲ್ಲದವರಿಗೆ ಊಟ ಬಡಿಸೋ ಕೆಲಸಕ್ಕೆ ತಮ್ಮ ಜನರನ್ನ ಹಚ್ಚೋರು. ದೊಡ್ಡ ಮಾತು ಆಡಿದ್ದು ನಾನು ಕೇಳಿಲ್ಲ. ಯಾರ ಮಗುವಿಗೆ ಜ್ವರ ಅನ್ನೋದು ಮಾತ್ರ ಅವರಿಗೆ ಗೊತ್ತಿರ್ತಿತ್ತು.

ಒಂದು ವರ್ಷ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡೋಣ, ಅಡುಗೆ ಕನ್ನಡದವರದ್ದಾಗಲಿ ಅಂದ್ರು ರಬ್ಬಿ. ಅವರ ಜನದಲ್ಲೇ ಹ್ಯಾರಿ ಅಂಕಲ್ ಅಂತ ಕೋಲು ಹಿಡಿದ ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ. "ಹೊರಗಿನವರ ಕೈಗೆ ಅಡುಗೆಮನೆ ಕೊಟ್ರೆ ಒಂದಲ್ಲ ಒಂದಿನ ಕೆಡುತ್ತೆ" ಅಂದ್ರಂತೆ. "ಕೆಟ್ರೆ ಆ ಕ್ಷಣವೇ ಕೀ ವಾಪಸ್ ತಗೋತೀನಿ, ನನ್ನ ಮಾತು" ಅಂತ ರಬ್ಬಿ ಎಲ್ಲರೆದುರು ಒಪ್ಪಿಕೊಂಡ್ರು. ಆಮೇಲೆ ನಮ್ಮ ಹೆಂಗಸರನ್ನ ಕರೆದು ಅಡುಗೆಮನೆ ಕೀ ಕೊಟ್ಟು ತಮ್ಮ ಪದ್ಧತಿ ವಿವರಿಸಿದ್ರು. ಹಾಲಿಗೆ ಮಾಂಸ ಸೋಂಕಬಾರದು, ಪಾತ್ರೆ ಬೇರೆ, ಸೌಟು ಬೇರೆ, ಕಪಾಟು ಬೇರೆ. ಎಲ್ಲರೂ ಪಿಳಿಪಿಳಿ ನೋಡಿದ್ರು. ಶೋಭಾ ಕನ್ನಡದಲ್ಲಿ ಹೇಳ್ತಿದ್ದ ಹಾಗೇ ನಾನು, "ಅಯ್ಯೋ, ಇದು ನಮ್ಮ ಮುಸುರೆ ಕಣ್ರೇ!" ಅಂತ ಕೂಗಿಬಿಟ್ಟೆ. ನಂಜನಗೂಡಿನಲ್ಲಿ ನಮ್ಮಜ್ಜಿ ಅನ್ನದ ಪಾತ್ರೆ ಮುಟ್ಟಿದ ಕೈ ತೊಳೀದೆ ಹಾಲು, ಮಜ್ಜಿಗೆ, ಉಪ್ಪಿನಕಾಯಿ ಜಾಡಿ ಮುಟ್ಟೋಕೆ ಬಿಡ್ತಿರಲಿಲ್ಲ. ಇದನ್ನ ಕೇಳಿ ರಬ್ಬಿಗೆ ಆದ ಸಂತೋಷ ಏನು ಹೇಳಲಿ! ಅಂದಿನಿಂದ ನನ್ನ ಕಂಡ್ರೆ "ಮುಸುರೆ ಅಜ್ಜಿ!" ಅಂತ ಕೈ ಎತ್ತೋರು. "ಅಮ್ಮಾ, ಹಾಗಂದ್ರೆ ಪಾತ್ರೆ ತಿಕ್ಕೋ ಅಜ್ಜಿ ಅಂತ ಆಗುತ್ತೆ" ಅಂತ ಶೋಭಾ ನಾಚಿಕೋತಿದ್ಲು. ಆಗ್ಲಿ ಬಿಡು, ತಿಕ್ಕಿಲ್ವೇ ನಾನು?

ಊಟದ ದಿನ ಪಾಯಸ ನನ್ನ ಪಾಲಿಗೆ ಬಂತು. ಹಾಲು, ಶಾವಿಗೆ, ಸಕ್ಕರೆ ಎಲ್ಲ ರಬ್ಬಿಯವರ ಹೆಂಡತಿ ಮಿರಿಯಂ ತಂದಿದ್ರು. ಒಲೆ ಯಹೂದಿಗಳೇ ಹಚ್ಚಬೇಕು ಅನ್ನೋದು ಅವರ ನಿಯಮ ಅಂತ ಹಚ್ಚಿಕೊಟ್ಟು, ಟೇಬಲ್ ಹಾಸೋಕೆ ಹೋದ್ರು. ಎದುರಿಗೆ ಎರಡು ಕಪಾಟು, ಒಂದಕ್ಕೆ ನೀಲಿ ಟೇಪು, ಒಂದಕ್ಕೆ ಕೆಂಪು. ಮೇಲೆ ಇಂಗ್ಲಿಷಲ್ಲಿ ಬರೆದಿತ್ತು. ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟವಳು ನಾನು, ಕನ್ನಡವನ್ನೇ ಕೂಡಿಸಿ ಕೂಡಿಸಿ ಓದೋದು. ಕೇಳೋಕೆ ಬಿಂಕ. ಕೆಂಪು ಅಂದ್ರೆ ಕುಂಕುಮ, ಮಂಗಳದ ಬಣ್ಣ, ಹಾಲು ಇನ್ನೆಲ್ಲಿರುತ್ತೆ ಅಂತ ಕೆಂಪಿನದೇ ದೊಡ್ಡ ಪಾತ್ರೆ ತಗೊಂಡೆ. ಪಾಯಸ ಉಕ್ಕಿ ಬಂದು, ಏಲಕ್ಕಿ ಘಮ್ ಅಂದಾಗ ಇಂಚರ ಓಡಿಬಂದು ಪಾತ್ರೆಯ ಹಿಡಿಗೆ ಅಂಟಿಸಿದ್ದ ಕೆಂಪು ಟೇಪು ನೋಡಿದ್ಲು. "ಅಜ್ಜಿ, ಇದು ಮೀಟ್ ಪಾತ್ರೆ. ಯೂ ಮೇಡ್ ಮೀಟ್ ಪಾಯಸ!"

ಒಲೆ ಆರಿಸಿದೆ. ಅವರ ಹಾಲೂ ಕೆಡ್ತು, ನನ್ನ ಮಡಿಯೂ ಕೆಡ್ತು, ಒಂದೇ ಪಾತ್ರೆಯಲ್ಲಿ. ಶೋಭಾ ಬಾಗಿಲು ಮುಚ್ಚಿ ಬಂದು ಪಿಸುಗುಟ್ಟಿದ್ಲು, "ಅಮ್ಮ, ಬೇರೆ ಪಾತ್ರೆಗೆ ಸುರಿದುಬಿಡು. ಯಾರಿಗೂ ಗೊತ್ತಾಗಲ್ಲ. ಗೊತ್ತಾದ್ರೆ ಕೀ ಹೋಗುತ್ತೆ, ರಬ್ಬಿ ಮಾನ ಹೋಗುತ್ತೆ." ಅವಳು ಹೇಳಿದ್ದೂ ಸುಳ್ಳಲ್ಲ. ಆದ್ರೆ ಎಂಟು ವರ್ಷದವಳಿದ್ದಾಗ ನಾನು ಅನ್ನದ ಕೈಯಲ್ಲಿ ಅಜ್ಜಿಯ ಮಜ್ಜಿಗೆ ಮುಟ್ಟಿ ಸುಮ್ಮನಿದ್ದೆ. ಅಜ್ಜಿ ಅದನ್ನೇ ಕುಡಿದು, ಬಾಯಿ ಒರೆಸಿಕೊಂಡು, ನನ್ನ ನೋಡಿ ನಕ್ಕರು. ನಂಬಿ ಕುಡಿದವರ ಆ ನಗು ಎಂಥದು ಅಂತ ನನಗೆ ಗೊತ್ತು. ಇನ್ನೊಂದು ನೋಡೋ ಶಕ್ತಿ ಇರಲಿಲ್ಲ. ಊಟದ ಹಾಲ್‌ಗೆ ಹೋಗಿ ರಬ್ಬಿಯವರ ಕೋಟಿನ ತೋಳು ಹಿಡಿದು ಎಳೆದು ತಂದು ತೋರಿಸಿದೆ. "ಮುಸುರೆ" ಅಂದೆ, ಅಷ್ಟೇ.

ಅವರು ಪಾತ್ರೆ ನೋಡಿದ್ರು, ಟೇಪು ನೋಡಿದ್ರು, ಮಿರಿಯಂ ಅವರನ್ನ ಕರೆದು ಇದರಲ್ಲಿ ಮಾಂಸ ಬೇಯಿಸಿ ಎಷ್ಟು ದಿನ ಆಯ್ತು ಅಂತ ಕೇಳಿದ್ರು. ತಿಂಗಳ ಮೇಲಾಯ್ತು ಅಂದ್ರು ಅವರು. "ಹಾಗಾದ್ರೆ ನಮ್ಮ ನಿಯಮದಲ್ಲಿ ತಿಳೀದೆ ಆಗಿದ್ದು ಆಗಿಹೋಯ್ತು, ಪಾಯಸ ತಿನ್ನಬಹುದು. ಪಾತ್ರೆ ಮಾತ್ರ ಶುದ್ಧ ಮಾಡಬೇಕು" ಅಂದು ರಬ್ಬಿ ನನ್ನ ಕಡೆ ತಿರುಗಿ, "ನಿಮ್ಮ ನಿಯಮದಲ್ಲಿ?" ಅಂದ್ರು. ಶೋಭಾ ತಿಳಿಸಿದಾಗ ನಾನು ತಿನ್ನೋ ಹಾಗಿಲ್ಲ ಅಂತ ತಲೆ ಅಲ್ಲಾಡಿಸಿದೆ. "ನೀವು ತಿನ್ನದ್ದನ್ನ ನಾವು ಹೇಗೆ ತಿನ್ನೋದು?" ಅಂದ್ರು ರಬ್ಬಿ. ಪಾಯಸ ಊಟಕ್ಕೆ ಮುಂಚೆ ಪಕ್ಕದ ಹಾಲ್‌ನಲ್ಲಿ ಹಾಡು ಕಲೀತಿದ್ದ ಚರ್ಚಿನವರಿಗೆ ಹೋಯ್ತು. ಅವರು ತಳ ಕೆರೆದು ತಿಂದ್ರು.

ಊಟಕ್ಕೆ ಕೂತಾಗ ರಬ್ಬಿ ಎದ್ದು ನಿಂತು ನಡೆದದ್ದೆಲ್ಲ ಹೇಳಿಬಿಟ್ರು. ಹ್ಯಾರಿ ಅಂಕಲ್ ಕೋಲು ಕುಟ್ಟಿ, "ನಾನು ಹೇಳಲಿಲ್ವಾ?" ಅಂದ್ರು. "ಹೇಳಿದ್ರಿ. ಕೆಡ್ತು. ಇಂಗ್ಲಿಷಲ್ಲಿ ಮಾತ್ರ ಬರೆದದ್ದು ನನ್ನ ತಪ್ಪು" ಅಂದ ರಬ್ಬಿ, ಕೊಟ್ಟ ಮಾತಿನಂತೆ ನಮ್ಮಿಂದ ವಾಪಸ್ ತಗೊಂಡಿದ್ದ ಕೀಯನ್ನ ಕೋಟಿನ ಜೇಬಿಂದ ತೆಗೆದು ಅವರ ಮುಂದಿಟ್ರು. "ಯಾರೂ ನೋಡದಾಗ ಕೆಟ್ಟದ್ದನ್ನ ಬಂದು ಹೇಳೋರು ಸಿಕ್ಕಿದಾರೆ. ಕೀ ಯಾರ ಹತ್ರ ಇರಬೇಕು, ನೀವೇ ಹೇಳಿ." ಹ್ಯಾರಿ ಅಂಕಲ್ ಕೀ ನೋಡಿದ್ರು, ನನ್ನ ನೋಡಿದ್ರು. "ನನ್ನ ಸೊಸೆ ಆಗಿದ್ರೆ ಹೇಳ್ತಾನೇ ಇರ್ಲಿಲ್ಲ" ಅಂದ್ರು. ಪಕ್ಕದಲ್ಲೇ ಇದ್ದ ಸೊಸೆ, "ನಿಮಗೆ ಹೇಳಿ ಬದುಕೋಕೆ ಆಗುತ್ತಾ ಮಾವ?" ಅಂದಳಂತೆ. ಹಾಲ್ ತುಂಬ ನಗು. ಕೀಯನ್ನ ಹ್ಯಾರಿ ಅಂಕಲ್ಲೇ ನನ್ನ ತಟ್ಟೆ ಕಡೆ ತಳ್ಳಿದ್ರು.

ಮುಂದಿನ ವಾರ ರಬ್ಬಿ ಇಂಚರಳ ಕೈಯಲ್ಲಿ ಕಪಾಟಿಗೆ ಕನ್ನಡ ಚೀಟಿ ಬರೆಸಿದ್ರು. ಅವಳು ಹಾಲು ಅಂತ ಬರೆಯೋ ಕಡೆ ಹಲ್ಲು ಅಂತ ಬರೆದಿದ್ಲು. ತಿದ್ದೋಕೆ ಹೋದ್ರೆ ರಬ್ಬಿ ಬಿಡಲಿಲ್ಲ. ಜೊತೆಗೆ ಒಂದು ಹೊಸ ಪಾತ್ರೆಯನ್ನೂ ತಂದಿದ್ರು, ಹಿಡಿಗೆ ಹಳದಿ ಟೇಪು. ಅವರ ಹಾಲಿನ ಪಾತ್ರೆಗಳ ಜೊತೆಗೂ ಸೇರದ್ದು, ಮಾಂಸದ್ದರ ಜೊತೆಗೂ ಸೇರದ್ದು, ಅವರೂ ನಾನೂ ಇಬ್ಬರೂ ಅನುಮಾನ ಇಲ್ಲದೆ ತಿನ್ನೋದಕ್ಕೆ. ಅದರಲ್ಲಿ ಎಷ್ಟು ಪಾಯಸ ಕುದಿಸಿದೆನೋ! ರಬ್ಬಿ ಎರಡೆರಡು ಬಟ್ಟಲು ತಿಂದು ಗಡ್ಡಕ್ಕೆಲ್ಲ ಶಾವಿಗೆ ಮೆತ್ತಿಕೊಂಡು ಕೂರೋರು.

ಕೆಲವು ವರ್ಷ ಕಳೆದು ರಬ್ಬಿ ಕಾಯಿಲೆ ಬಿದ್ದು ಹೋಗಿಬಿಟ್ರು. ಅವರ ಜನ ಪಕ್ಕದೂರಿನ ದೊಡ್ಡ ಗುಂಪಿಗೆ ಸೇರಿಕೊಂಡ್ರು. ಅದೇ ಬೇಸಿಗೆ ಅಳಿಯನ ಕೆಲಸ ಶಾರ್ಲೆಟ್‌ಗೆ ಬಂತು. ಹೊರಡೋ ಮುಂಚೆ ನಾನು ಆ ಅಡುಗೆಮನೆಗೆ ಹೋದಾಗ ಸಾಮಾನು ಕಟ್ಟುತ್ತಿದ್ರು. ನೀಲಿಯವು ಒಂದು ಪೆಟ್ಟಿಗೆಗೆ, ಕೆಂಪಿನವು ಇನ್ನೊಂದಕ್ಕೆ. ಮಿರಿಯಂ ಆ ಹಳದಿ ಟೇಪಿನ ಒಂದು ಪಾತ್ರೆ ಹಿಡಿದು ಎರಡು ಪೆಟ್ಟಿಗೆಯನ್ನೂ ನೋಡ್ತಾ ತುಂಬ ಹೊತ್ತು ನಿಂತಿದ್ರು. ಆಮೇಲೆ ನನ್ನ ಕೈಗೆ ಕೊಟ್ರು. ಶಾರ್ಲೆಟ್ ಪಕ್ಕದ ಈ ಫೋರ್ಟ್ ಮಿಲ್ ತನಕ ಅದನ್ನ ಮಡಿಲಲ್ಲಿ ಇಟ್ಟುಕೊಂಡೇ ಬಂದೆ.

ಇಲ್ಲಿ ಅದಕ್ಕೆ ಬೇರೆ ಶೆಲ್ಫು. ಯಾರಿಗೂ ಮುಟ್ಟೋಕೆ ಬಿಡಲ್ಲ. "ಯಾರು ಬರ್ತಾರೆ ಅಂತ ಕಾಯ್ತೀಯಮ್ಮ?" ಅಂತಾಳೆ ಶೋಭಾ. ಯಾರೂ ಬರಲ್ಲ, ಗೊತ್ತು. ಆದ್ರೂ ಬಂದ್ರೆ, ನಂಬಿ ತಿನ್ನೋ ಹಾಗೆ ಇರಬೇಕಲ್ಲ.