ಕೆರೆಯ ಕೆಸರಲ್ಲಿ ಮೊಲದ ಹೆಜ್ಜೆ

ಹಳ್ಳಿಮೈಸೂರಿನ ಪಕ್ಕದ ನಮ್ಮೂರ ಕೆರೆಯಲ್ಲಿ ನೀರು ಇಳಿದಾಗ ಜೊಂಡಿನ ಸುತ್ತ ಮೆತ್ತನೆಯ ಕೆಸರು ತೆರೆದುಕೊಳ್ಳುತ್ತದೆ. ರಾತ್ರಿ ಅಲ್ಲಿ ಓಡಾಡಿದ ಪ್ರಾಣಿಗಳ ಹೆಜ್ಜೆ ಗುರುತಿಸುವುದನ್ನು ನನಗೆ ಕಲಿಸಿದವನು ಅಪ್ಪ. ಮೊಲದ ಹೆಜ್ಜೆಯನ್ನು ಬೆರಳಲ್ಲಿ ಒತ್ತಿ ತೋರಿಸುತ್ತಿದ್ದ. ಒಂದರ ಹಿಂದೆ ಒಂದು ಇರುವ ಎರಡು ಸಣ್ಣ ಗುರುತು ಮುಂಗಾಲಿನವು. ಅವುಗಳ ಮುಂದೆ, ಅಕ್ಕಪಕ್ಕ, ಎರಡು ಉದ್ದನೆಯವು ಹಿಂಗಾಲಿನವು.

"ನೆಗೀವಾಗ ಹಿಂಗಾಲು ಮುಂದುಕ್ಕೆ ಬತ್ತವೆ ಮಗಾ. ಉದ್ದಂದು ಯಾವ ಕಡೀಕೈತೋ ಆ ಕಡೀಕೆ ಓಗೈತೆ ಅಂತ."

ಮದುವೆಯಾಗಿ ಹಿರೀಸಾವೆ ಸೇರಿದ ಮೇಲೂ ಆ ಕೆಸರು, ಆ ಮಾತು ನನ್ನವೇ ಅಂದುಕೊಂಡಿದ್ದೆ. ಹೋದ ವರ್ಷ ತವರಿಗೆ ಹೋದಾಗ ಅಪ್ಪನಿಗೆ ಮಂಡಿನೋವು. ಬೆಳಿಗ್ಗೆ ಅವನ ತೋಳು ಹಿಡಿದು ಕೆರೆಗೆ ಕರೆದೊಯ್ಯುತ್ತಿದ್ದವಳು ನನ್ನ ತಮ್ಮನ ಹೆಂಡತಿ. ಅವಳನ್ನೂ ಅವನು 'ಮಗಾ' ಎಂದೇ ಕರೆಯುತ್ತಿದ್ದ. ನಾನೂ ಜೊತೆಗೆ ಹೊರಟೆ, ಹಿಂದೆ ಹಿಂದೆ.

"ನಾಯಿದಾದ್ರೆ ಅಂಗಾಲಿನ ಗುರುತು ಸ್ಪಷ್ಟವಾಗಿರ್ತದೆ ಅಲ್ವಾ ಮಾವ? ಮೊಲುದ ಪಾದದಲ್ಲಿ ಕೂದಲಿರೋದ್ರಿಂದ ಇದು ಮಸುಕಾಗೈತೆ," ಎಂದಳು ಅವಳು. ಅಪ್ಪನ ಮುಖ ಅರಳಿತು. ನಾನು ಅದನ್ನು ಇಷ್ಟು ಬೇಗ ಕಲಿತಿರಲಿಲ್ಲ.

ಸ್ವಲ್ಪ ಮುಂದೆ ಮೊಲದ ಹೆಜ್ಜೆಗಳು ದೂರ ದೂರವಾಗಿದ್ದವು, ಅವುಗಳ ಮೇಲೆ ನಾಯಿಯವು. ಎರಡೂ ನೀರಿನ ಅಂಚಿಗೆ ಹೋಗಿದ್ದವು. ವಾಪಸ್ಸು ಬಂದಿದ್ದು ನಾಯಿ ಒಂದೇ.

"ಇಡ್ಕಂಡ್ಬುಟ್ಟೈತೆ ಕಣ್ಮಗಾ," ಎಂದ ಅಪ್ಪ, ಅವಳಿಗೆ. ಅವಳೂ ತಲೆಯಾಡಿಸಿದಳು.

ಇಬ್ಬರ ಮಾತೂ ತಪ್ಪಾಗಲಿ ಅನ್ನಿಸಿತು ನನಗೆ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಜೊಂಡಿನ ಸುತ್ತ ಹೋಗಿ ಕೆಸರಿಗಿಳಿದೆ. ಮೊಣಕಾಲಿನವರೆಗೆ ಹೂತುಹೋದೆ. ಅಲ್ಲಿ ಕಿರಿದಾಗಿದ್ದ ನೀರಿನ ಆಚೆ ದಡದಲ್ಲಿ ಸಿಕ್ಕವು: ಬೆರಳು ಅಗಲಿಸಿದ, ಆಳವಾದ ಹೆಜ್ಜೆಗಳು. ಉದ್ದನೆಯವು ಹುಲ್ಲಿನ ಕಡೆಗಿದ್ದವು. ಮೊಲ ಈಜಿ ದಾಟಿತ್ತು.

ಅಪ್ಪನನ್ನು ಕೂಗಿದೆ. ಅವನಿಗೆ ಇಳಿಯಲಾಗಲಿಲ್ಲ. ಅವಳೇ ಪ್ಯಾಂಟು ಮಡಚಿಕೊಂಡು ಬಂದು, ಬಗ್ಗಿ ನೋಡಿ, ತಿರುಗಿ ಹೇಳಿದಳು: "ಅತ್ಗೆ ಸರ್ಯಾಗಿ ಕಂಡಿಡುದ್ರು ಮಾವ. ಬದುಕೈತೆ."

"ಔದಾ ಮಗಾ?" ಎಂದ ಅಪ್ಪ. ಕೇಳಿದ್ದು ಅವಳನ್ನೇ. ನಾನು ಕಂಡದ್ದೂ ಅವಳ ಬಾಯಿಂದಲೇ ಅವನಿಗೆ ತಲುಪಬೇಕಾಯಿತು.

ಹೊರಡುವಾಗ ಅವಳು ಅಪ್ಪನ ತೋಳನ್ನು ನನ್ನ ಕಡೆಗೆ ಸರಿಸಿ, "ನೀವಿಡ್ಕಳಿ ಅತ್ಗೆ," ಎಂದಳು. ಅವಳಲ್ಲಿ ಒಂದಿಷ್ಟೂ ಬಿಂಕವಿರಲಿಲ್ಲ. ಇದ್ದಿದ್ದರೆ ಬೈದುಕೊಳ್ಳಲು ಅನುಕೂಲವಾಗುತ್ತಿತ್ತು. ಹಿಡಿದುಕೊಂಡೆ. ಅಪ್ಪನ ಭಾರ ಎಷ್ಟು, ಎಲ್ಲಿ ಎಡವುತ್ತಾನೆ ಎಂಬುದು ನನಗೆ ತಿಳಿದಿರಲಿಲ್ಲ. ಕೆರೆಯ ಏರಿ ಹತ್ತುವಲ್ಲಿ ಅವಳೇ ಹಿಂದಿನಿಂದ ಮೆಲ್ಲಗೆ, "ಎಡಗಾಲು ಮೊದ್ಲು ಮಾವ," ಎಂದಳು. ಅವನು ಹಾಗೇ ಇಟ್ಟ.