ಖಾರ: ಒಂದರಿಂದ ಐದರೊಳಗೆ

ನನ್ನ ಹೆಂಡತಿಯ ಹದಿಮೂರನೆಯ ದಿನದ ಕಾರ್ಯಕ್ಕೆ ಮುತ್ತೈದೆಯೊಬ್ಬಳಿಗೆ ಸೀರೆ ಕೊಡುವುದಿತ್ತು. ಹಿಂದಿನ ದಿನ ರಾಣೆಬೆನ್ನೂರಿನ ಪೇಟೆಗೆ ಹೊರಟಿದ್ದ ಮಗಳು, ಅವ್ವನಿಗೆ ಯಾವ ಬಣ್ಣ ಸೇರುತ್ತಿತ್ತು ಎಂದು ಕೇಳಿದಳು. ಯಾವುದಾದರೂ ತಾ ಎಂದೆ. ಆಗ ಹಾಗೇ ಹೋದವಳು, ಮರುದಿನ ಉಂಡವರೆಲ್ಲ ಎದ್ದುಹೋದ ಮೇಲೆ, ಪಾತ್ರೆಗಳನ್ನು ಒಂದರೊಳಗೊಂದು ಇಡುತ್ತ ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

"ಅಪ್ಪಾ, ಮೂವತ್ತೊಂದ ವರ್ಷ ಒಂದ ಮನ್ಯಾಗ ಇದ್ದಿ. ಅವ್ವನ ಬಗ್ಗೆ ನಿನಗ ಏನರ ಗೊತ್ತೈತೇನು?"

ನನಗೆ ಸಿಟ್ಟು ಬಂದಿತ್ತು. ಗೊತ್ತಿಲ್ಲದೆ ಏನು, ಎಲ್ಲ ಗೊತ್ತಿದೆ, ಬಾಯಿಬಿಟ್ಟು ಹೇಳುವ ಚಾಳಿ ನನಗಿಲ್ಲ ಅಷ್ಟೇ ಎಂದುಕೊಂಡೆ. ಆದರೆ ಆ ಮಾತು ಮನಸ್ಸಿನಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು.

ನನ್ನ ಕೆಲಸದ ಬಗ್ಗೆ ಹೇಳಬೇಕು. ಇಲ್ಲೇ ಒಂದು ಬೀಜದ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಮೊಳಕೆ ಎಣಿಸಿದವನು ನಾನು. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಡುವುದು, ಸುತ್ತಿ ಪೆಟ್ಟಿಗೆಯಲ್ಲಿಡುವುದು, ಕೆಲವು ದಿನ ಬಿಟ್ಟು ಬಿಚ್ಚಿ ಎಷ್ಟು ಒಡೆದಿವೆ ಎಂದು ಎಣಿಸಿ ಬರೆಯುವುದು. ಒಡೆದದ್ದು ಒಡೆದದ್ದು, ಕೊಳೆತದ್ದು ಕೊಳೆತದ್ದು. ನಡುವೆ ಏನಾದರೂ ಇದ್ದರೆ ಅದಕ್ಕೂ ಒಂದು ಕಾಲಂ ಇತ್ತು. ಈ ಕೆಲಸ ಮಾಡಿದವನಿಗೆ ಜನರ ಅಳುಬುರುಕತನ ಕಂಡರೆ ಸ್ವಲ್ಪ ಅಸಹನೆ ಇರುತ್ತದೆ. ನನಗೂ ಇತ್ತು.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಆಕೆ ಹೋದಳು. ಹೊಟ್ಟೆಯೊಳಗಿನ ಹುಣ್ಣು ಒಡೆದು, ಎರಡೇ ದಿನದಲ್ಲಿ. ನಾನು ಅಳಲಿಲ್ಲ. ಗಟ್ಟಿ ಮನುಷ್ಯ ಎಂದು ನಾಲ್ಕು ಜನ ಬೆನ್ನು ತಟ್ಟಿದರು. ಗಟ್ಟಿ ಏನೂ ಅಲ್ಲ, ಜೋಮು ಹಿಡಿದ ಕಾಲಿನ ಹಾಗಾಗಿತ್ತು; ಇದೆ ಎಂದು ಗೊತ್ತು, ಮುಟ್ಟಿದರೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎದ್ದು ಮಂಚದ ಮೇಲೆ ಕೂತರೆ ಹನ್ನೊಂದಾದರೂ ಅಲ್ಲೇ ಇರುತ್ತಿದ್ದೆ.

ಮಗಳು ಹಾವೇರಿಯಲ್ಲಿ ಶಿಕ್ಷಕಿ. ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು ವಾರಕ್ಕಾಗುವಷ್ಟು ರೊಟ್ಟಿ, ಚಟ್ನಿಪುಡಿ ಇಟ್ಟು ಹೋಗುತ್ತಿದ್ದಳು. ಒಂದು ಭಾನುವಾರ ನನ್ನ ಮೊಬೈಲು ತೆಗೆದುಕೊಂಡು ಏನೇನೋ ಇಳಿಸಿಕೊಟ್ಟಳು.

"ಬರೇ ಗ್ವಾಡಿ ನೋಡ್ಕೋತ ಕುಂದರಬ್ಯಾಡ. ಇದರಾಗ ರೊಕ್ಕ ಉಳಸಾಕ ಭಾಳ ದಾರಿ ಅದಾವ. ಸಣ್ಣಪುಟ್ಟ ಬಹುಮಾನಾನೂ ಬರತಾವ. ನೀ ಹೆಂಗೂ ಎಣಸಾವ, ಎಣಸ್ಕೋತ ಕುಂದರು."

ಕುಂತೆ. ಮೊಳಕೆ ಪರೀಕ್ಷೆ ಮಾಡಿದಂತೆಯೇ ಒಂದೊಂದೇ ವೆಬ್‌ಸೈಟನ್ನು ಪರೀಕ್ಷಿಸಿದೆ. ಹತ್ತಕ್ಕೆ ಮೂರು ಮೊಳಕೆ ಒಡೆಯುತ್ತಿದ್ದವು. ಒಂದು ತಾಣ ಒಂದೇ ವಸ್ತುವಿಗೆ ಬೇರೆ ಬೇರೆ ಅಂಗಡಿಯಲ್ಲಿ ಬೆಲೆ ಎಷ್ಟೆಂದು ತೋರಿಸುತ್ತಿತ್ತು, ಅದು ಒಳ್ಳೆಯದು. ಒಂದರಲ್ಲಿ ಕರೆಂಟು ಬಿಲ್ಲು ಕಟ್ಟಿದರೆ ನಾಲ್ಕು ಕಾಸು ವಾಪಸು ಬರುತ್ತಿತ್ತು. ಕೂಪನ್ನುಗಳ ತಾಣವೊಂದಿತ್ತು, ಅದರ ಕೂಪನ್ನುಗಳೆಲ್ಲ ನಾನು ಮುಟ್ಟುವ ಹಿಂದಿನ ದಿನವೇ ಸತ್ತಿರುತ್ತಿದ್ದವು. ಇನ್ನೊಂದರಲ್ಲಿ ದಿನಕ್ಕೊಂದು ಸಲ ಚಕ್ರ ತಿರುಗಿಸಬೇಕು. ಒಂದು ತಿಂಗಳು ತಿರುಗಿಸಿದೆ, ಒಂದು ತಿಂಗಳೂ 'ನಾಳೆ ಪ್ರಯತ್ನಿಸಿ' ಎಂದಿತು. ಔಷಧಿಗಳ ತಾಣವೊಂದರಲ್ಲಿ, ಆಕೆಯ ಹಾಸಿಗೆಯ ಕೆಳಗೆ ಉಳಿದಿದ್ದ ಮಾತ್ರೆಗಳ ಹೆಸರು ಹಾಕಿ ನೋಡಿದೆ. ಅದೇ ಮಾತ್ರೆ, ಬೇರೆ ಹೆಸರಿನಲ್ಲಿ, ಅರ್ಧಕ್ಕಿಂತ ಕಡಿಮೆ ಬೆಲೆಗೆ ಇತ್ತು. ಒಳ್ಳೆಯ ತಾಣ ಎಂದು ಗುರುತು ಹಾಕಿಟ್ಟೆ. ಆ ಮಾತ್ರೆ ಯಾತಕ್ಕೆ ಎಂದು ಮಾತ್ರ ನೋಡಲಿಲ್ಲ. ವಯಸ್ಸಾದ ಮೇಲೆ ಎಲ್ಲರ ಹಾಸಿಗೆಯ ಕೆಳಗೂ ಮಾತ್ರೆ ಇರುತ್ತವೆ.

ಸಮೀಕ್ಷೆಯ ತಾಣ ಸಿಕ್ಕಿದ್ದು ಹೀಗೆ ಹುಡುಕುವಾಗ. ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಪಾಯಿಂಟು, ಪಾಯಿಂಟು ಕೂಡಿದರೆ ಮೊಬೈಲ್ ರಿಚಾರ್ಜು. ಕನ್ನಡದಲ್ಲೇ ಕೇಳುತ್ತಿತ್ತು, ಯಾವ ಯಂತ್ರ ಬರೆದ ಕನ್ನಡವೋ. 'ನಿಮ್ಮ ಮನೆಯ ದಿನಸಿಯನ್ನು ನಿರ್ಧರಿಸುವ ವ್ಯಕ್ತಿ ತಾವೇ ಆಗಿರುವಿರಾ?' ನಾನು ನಿಜ ಹೇಳಿದೆ: ಗಂಡಸು, ಅರವತ್ತೆರಡು, ನಿವೃತ್ತ, ಹೆಂಡತಿ ಇಲ್ಲ, ಮನೆಯಲ್ಲಿ ಒಬ್ಬನೇ. ತಾವು ಅರ್ಹರಲ್ಲ ಎಂದಿತು. ಮರುದಿನ ಸೋಪಿನ ಸಮೀಕ್ಷೆ, ಅರ್ಹರಲ್ಲ. ಚಹಾಪುಡಿಯದು, ಅರ್ಹರಲ್ಲ. ಹದಿನೈದು ದಿನ ಹೀಗೇ ಆದಾಗ ಮೈ ಉರಿಯಿತು. ನನ್ನ ಅಭಿಪ್ರಾಯ ಕೇಳುವ ಗರಜು ಈ ಲೋಕದಲ್ಲಿ ಒಬ್ಬನಿಗೂ ಇಲ್ಲ ಎಂದಾಯಿತು. ಹಾಗಾದರೆ ಯಾರ ಅಭಿಪ್ರಾಯ ಬೇಕು ಎಂದು ಹಳೆಯ ಖಾತೆ ಅಳಿಸಿ ಹೊಸದು ತೆರೆದೆ. ಹೆಣ್ಣು, ಐವತ್ತನಾಲ್ಕು, ಗೃಹಿಣಿ. ಹೆಸರು ಕೇಳಿದಲ್ಲಿ ಆಕೆಯ ಹೆಸರು ಹಾಕಿದೆ, ನಂಬರು ಆಕೆಯದೇ ಕೊಟ್ಟೆ. ಆಕೆಯ ಮೊಬೈಲು, ಸದ್ದು ತೆಗೆದು, ಇನ್ನೂ ಟಿ.ವಿ. ಪಕ್ಕದಲ್ಲೇ ಇಟ್ಟಿದ್ದೆ.

ದಿನಕ್ಕೆ ಮೂರು ಮೂರು ಸಮೀಕ್ಷೆ ಬರತೊಡಗಿದವು.

ಪಾಯಿಂಟಿನ ಆಸೆ ಒಂದು ವಾರಕ್ಕೇ ಹೋಯಿತು. ನನಗೆ ಬೇಕಾದದ್ದು ಬೇರೆ. ಪ್ರತಿ ಪ್ರಶ್ನೆಯೂ ಮಗಳ ಮಾತಿಗೆ ಒಂದೊಂದು ಉತ್ತರ ಕೊಡುವ ಅವಕಾಶವಾಗಿತ್ತು. ಮೈಗೆ ಯಾವ ಸಾಬೂನು? ಬಚ್ಚಲ ಗೂಡಿಗೆ ಹೋಗಿ ನೋಡಿ ಬಂದು ಒತ್ತುತ್ತಿದ್ದೆ. ಬಟ್ಟೆಗೆ ಯಾವ ಪುಡಿ, ತಲೆಗೆ ಯಾವ ಎಣ್ಣೆ, ದಿನಕ್ಕೆ ಎಷ್ಟು ಕಪ್ಪು ಚಹಾ? ಗೊತ್ತು, ಗೊತ್ತು, ಮೂರು ಕಪ್ಪು. ನೋಡು, ಗೊತ್ತಿದೆ ಎಂದು ಮನಸ್ಸಿನಲ್ಲೇ ಮಗಳಿಗೆ ಹೇಳುತ್ತಿದ್ದೆ. ಕೆಲವು ಪ್ರಶ್ನೆ ಕಾಡಿದವು. 'ಕಳೆದ ವರ್ಷ ಕೊಳ್ಳಬೇಕೆಂದು ಬಯಸಿ ಕೊಳ್ಳದೆ ಉಳಿದ ವಸ್ತು ಯಾವುದು?' ಗೊತ್ತಿಲ್ಲ ಎಂಬ ಆಯ್ಕೆ ಇರಲಿಲ್ಲ. ಮಿಕ್ಸರ್ ಎಂದು ಒತ್ತಿದೆ. ಒಂದು ದಿನ ಪೂರ್ತಿ ಆ ಮಿಕ್ಸರಿನ ಬಗ್ಗೆ ಯೋಚಿಸಿದೆ. ದುಃಖವಾಯಿತು ಎನ್ನಲಾರೆ, ತಪ್ಪು ಎಣಿಕೆ ಬರೆದಂತಾಯಿತು.

ಖಾರದಪುಡಿಯ ಸಮೀಕ್ಷೆ ಬಂದದ್ದು ಆಕೆ ಹೋಗಿ ಏಳು ತಿಂಗಳಾದಾಗ. ಮನೆಗೆ ಪೊಟ್ಟಣ ಕಳಿಸುತ್ತಾರೆ, ಅಡುಗೆಗೆ ಹಾಕಿ ನೋಡಿ ಅಭಿಪ್ರಾಯ ಹೇಳಬೇಕು. ಮೊದಲ ಪ್ರಶ್ನೆಯೇ, ತಾವು ಬಳಸುವ ಖಾರದಪುಡಿಯ ಬ್ರ್ಯಾಂಡು ಯಾವುದು? ನಾನು ನಕ್ಕುಬಿಟ್ಟೆ. ಆಕೆ ಬ್ಯಾಡಗಿಯ ಮಗಳು. ನಮ್ಮ ಮನೆಯಲ್ಲಿ ಒಂದು ದಿನಕ್ಕೂ ಅಂಗಡಿಯ ಖಾರದ ಪೊಟ್ಟಣ ಒಳಗೆ ಬಂದಿಲ್ಲ. ಪ್ರತಿ ಬೇಸಿಗೆಯಲ್ಲಿ ಬ್ಯಾಡಗಿಗೆ ಹೋಗಿ, ಬಣ್ಣಕ್ಕೆ ಅಲ್ಲಿಯ ಮೆಣಸಿನಕಾಯಿ, ಖಾರಕ್ಕೆ ಬೇರೆ ಕಾಯಿ ತಂದು, ಮಾಳಿಗೆಯ ಮೇಲೆ ಒಣಗಿಸಿ, ತೊಟ್ಟು ಬಿಡಿಸಿ, ಮಸಾಲೆ ಹುರಿದು, ಗಿರಣಿಯಲ್ಲಿ ಕುಟ್ಟಿಸಿ ವರ್ಷಕ್ಕಾಗುವಷ್ಟು ತುಂಬಿಡುತ್ತಿದ್ದಳು. ಮನೆಯದೇ ಎಂದು ಒತ್ತಿದರೆ ಹೊರಗೆ ಹಾಕುತ್ತಾರೆಂದು ಅಷ್ಟರಲ್ಲಿ ಕಲಿತಿದ್ದೆ. ಯಾವುದೋ ಒಂದು ಬ್ರ್ಯಾಂಡು ಒತ್ತಿದೆ. ಮುಂದಿನ ಪ್ರಶ್ನೆ, ತಮಗೆ ಎಷ್ಟು ಖಾರ ಇಷ್ಟ, ಒಂದರಿಂದ ಐದರೊಳಗೆ ಗುರುತಿಸಿ. ಇದಕ್ಕೆ ಯೋಚಿಸಲೇ ಇಲ್ಲ. ಐದು.

ಪಾರ್ಸೆಲ್ಲು ಬಂದದ್ದು ಭಾನುವಾರ, ಮಗಳು ಒಲೆಯ ಮುಂದಿದ್ದಾಗ. ತಂದವನು ಬಾಗಿಲಲ್ಲಿ ನಿಂತು, "ಬಾಯಾರ ಹೆಸರಿಂದು ಐತ್ರಿ. ಅವರ ನಂಬರಿಗೆ ಹಚ್ಚಿದ್ರ ಯಾರೂ ಎತ್ತವಲ್ರು. ಮನ್ಯಾಗ ಅದಾರೇನ್ರಿ?" ಎಂದ.

ಮಗಳೇ ಹೋಗಿ ತೆಗೆದುಕೊಂಡಳು. ಅವ್ವನ ಹೆಸರು ಓದಿದಳು. ಬಿಚ್ಚಿದಳು. ಖಾರದಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅವ್ವನ ಹೆಸರು ಹಚ್ಚಿ ಪಾಯಿಂಟ್ ಗಳಸಾಕತ್ತೀಯೇನಪ್ಪಾ?"

"ಪಾಯಿಂಟ್ ಸಲುವಾಗಿ ಅಲ್ಲವಾ. ನನಗ ಏನೂ ಗೊತ್ತಿಲ್ಲ ಅಂದಿದ್ದೆಲ್ಲ, ನೋಡಿಲ್ಲೆ. ಎಲ್ಲಾ ಸರೀ ಹಚ್ಚೇನಿ."

ಮೊಬೈಲು ಕೊಟ್ಟೆ. ನಾನು ಎಲ್ಲ ಉತ್ತರಗಳ ಚಿತ್ರ ತೆಗೆದಿಟ್ಟಿದ್ದೆ. ಪರೀಕ್ಷೆಯ ಕಾಗದವನ್ನು ತಪಾಸಣೆಗೆ ಇಡುವುದು ನನ್ನ ಹಳೆಯ ರೂಢಿ. ಮಗಳು ಹೊಸ್ತಿಲ ಮೇಲೆ ಕೂತು ಒಂದೊಂದೇ ಸರಿಸಿ ನೋಡಿದಳು. ಸಾಬೂನಿಗೆ ಹೂಂ ಎಂದಳು. ಎಣ್ಣೆಗೆ ಹೂಂ ಎಂದಳು. ಚಹಾದ ಮುಂದೆ ಸ್ವಲ್ಪ ನಿಂತು, ನಾಲ್ಕನೆಯದನ್ನು ಅವ್ವ ನೀನು ಮಲಗಿದಾಗ ಕುಡಿಯುತ್ತಿದ್ದಳು ಎಂದು ಸಣ್ಣಗೆ ನಕ್ಕಳು. ಮಿಕ್ಸರನ್ನು ಬೇಗ ಸರಿಸಿದಳು. ಸಿಟ್ಟು ಇಳಿಯುತ್ತಿದೆ ಎಂದು ನನಗೆ ಸಮಾಧಾನವಾಗುತ್ತಿತ್ತು. ಆಮೇಲೆ ಐದು ಎಂಬುದರ ಮೇಲೆ ಬೆರಳಿಟ್ಟಳು.

"ಇದು ಯಾರ ಉತ್ತರ?"

"ಅವ್ವಂದು. ಬ್ಯಾಡಗಿ ಹೆಣ್ಣಮಗಳು ಮತ್ತೆಷ್ಟು ಹಚ್ಚಬೇಕು?"

"ಅಪ್ಪಾ, ಅವ್ವ ಎರಡ ವರ್ಷದಿಂದ ಖಾರ ಬಾಯಾಗ ಇಟ್ಟಿರ್ಲಿಲ್ಲ. ಹೊಟ್ಟ್ಯಾಗ ಹುಣ್ಣಾಗ್ಯಾವ, ಖಾರ ಮುಟ್ಟಬ್ಯಾಡ್ರಿ ಅಂತ ಹಾವೇರ್ಯಾಗ ಡಾಕ್ಟರು ಹೇಳಿದ್ರು. ನಾನ ಕರಕೊಂಡ ಹೋಗಿದ್ದೆ. ದಿನಾ ಮಜ್ಜಿಗಿ ಅನ್ನ ಅಷ್ಟ ಉಣತಿದ್ಲು. ನಿನಗ ಹೇಳೇನಿ ಅಂತ ನನ್ನ ಮುಂದ ಅಂದಿದ್ಲು."

ನಮ್ಮ ಕಡೆ ಹೆಂಗಸರು ಗಂಡನಿಗೆ ಬಡಿಸಿ ಆಮೇಲೆ ಉಣ್ಣುತ್ತಾರೆ. ನಾನು ಉಂಡು ಕೈತೊಳೆದು ಮಂಚಕ್ಕೆ ಬಂದರೆ ಆಕೆ ಒಳಗೆ ತನ್ನ ತಾಟು ಹಚ್ಚಿಕೊಳ್ಳುತ್ತಿದ್ದಳು. ತಾಟಿನ ಸಪ್ಪಳ ಕೇಳುತ್ತಿತ್ತು. ಮೂವತ್ತೊಂದು ವರ್ಷ ಆ ಸಪ್ಪಳ ಕೇಳಿ ಆಕೆ ಉಂಡಳು ಎಂದುಕೊಂಡಿದ್ದೇನೆ. ಎದ್ದು ಹೋಗಿ ತಾಟಿನಲ್ಲಿ ಏನಿದೆ ಎಂದು ನೋಡಿಲ್ಲ. ಕೊನೆಯ ಸಲ ಆಸ್ಪತ್ರೆಗೆ ಒಯ್ದಾಗ, ಇತ್ತೀಚೆಗೆ ಊಟ ಹೇಗೆ ಮಾಡುತ್ತಿದ್ದರು ಎಂದು ಡಾಕ್ಟರು ಕೇಳಿದ್ದರು. ಚೊಲೋ ಉಣತಿದ್ಲು ಎಂದಿದ್ದೆ. ಮಗಳು ಹಾವೇರಿಯಿಂದ ಬಂದು ತಲುಪಿದ ಮೇಲೆಯೇ ಅವರಿಗೆ ನಿಜ ತಿಳಿದದ್ದು, ಮತ್ತು ಆ ಗಲಾಟೆಯಲ್ಲಿ ನನಗೆ ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

"ಹಂಗಾದ್ರ ಅಡಿಗಿಗೆ ಖಾರ ಹೆಂಗ ಹಾಕತಿದ್ಲು?" ಎಂದೆ. ಬಾಯಿಗೆ ಬಂದದ್ದು ಅದೇ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಬಾಜೂ ಮನಿ ಅಕ್ಕಗ ಒಂದ ಚಮಚೆ ಒಯ್ದು ರುಚಿ ನೋಡಸ್ತಿದ್ಲು. ದಿನಾ. ನೀ ಏನೋ ಅಂದಿದ್ದ್ಯಂತಲ್ಲ."

ಏನು ಅಂದಿದ್ದೆ ಎಂದು ಮಗಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಸಾರು ಸುರಿದುಕೊಂಡು, ಎರಡು ತುತ್ತು ಉಂಡು, "ಇತ್ತಿತ್ಲಾಗ ನಿನ್ನ ಕೈ ಕೆಟ್ಟೈತಿ ಬಿಡು" ಎಂದು ತಾಟು ಸರಿಸಿದ್ದೆ. ಆಕೆ ತಾಟು ಎತ್ತಿಕೊಂಡು ಹೋಗಿದ್ದಳು.

ನಾನು ಚಪ್ಪಲಿ ಮೆಟ್ಟದೆ ಬಾಜೂ ಮನೆಗೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ಎಪ್ಪತ್ತರ ಹೆಂಗಸು, ಹೆಂಡತಿ ಹೋದಾಗಿನಿಂದ ನಾನು ಅವರ ಜೊತೆ ನಾಲ್ಕು ಮಾತು ಆಡಿರಲಿಲ್ಲ. ನಿಂತೇ ಕೇಳಿದೆ.

"ಹೌದ್ರಿ, ದಿನಾ ಬರ್ತಿದ್ಲು," ಎಂದರು. "ಸೆರಗಿನಾಗ ಚಮಚೆ ಮುಚ್ಚಿಕೊಂಡು. ಒಂದೀಟು ಕುಂದರವಾ ಅಂದ್ರ ಕುಂದರ್ತಿರ್ಲಿಲ್ಲ. ಅವರ ಊಟದ ಹೊತ್ತಾತು, ಲಗೂ ಹೇಳ್ರಿ ಅನ್ನಾಕಿ."

"ಖಾರ ಕಡಿಮಿ ಇರ್ತಿತ್ತೇನ್ರಿ?"

ಅಕ್ಕ ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು. "ಒಂದ ದಿನಾನೂ ಕಡಿಮಿ ಇರ್ಲಿಲ್ರಿ, ಹೆಚ್ಚೂ ಇರ್ಲಿಲ್ಲ. ಕೈಯಳತಿ ಹಂಗಿತ್ತು ಆಕೀದು. ಎಲ್ಲಾ ಸರಿ ಐತವಾ ಅಂತ ನಾನೂ ದಿನಾ ಹೇಳಾಕಿ. ನಂಬತಿರ್ಲಿಲ್ಲ. ಮರದಿನ ಮತ್ತ ಬರಾಕಿ."

ನಾನು ಅವರ ಅಂಗಳದಲ್ಲೇ ಕೂತುಬಿಟ್ಟೆ. ಆ ಮಾತು ಅಂದ ದಿನ ನನಗೆ ನೆಗಡಿಯಾಗಿತ್ತು. ನಾಲಿಗೆಗೆ ಯಾವ ರುಚಿಯೂ ಹತ್ತುತ್ತಿರಲಿಲ್ಲ. ಎರಡು ದಿನಕ್ಕೆ ನೆಗಡಿ ಬಿಟ್ಟಿತು, ಸಾರು ಎಂದಿನಂತೆಯೇ ಇತ್ತು, ಉಂಡೆ. ಆಕೆಗೆ ಹೇಳಲಿಲ್ಲ.